ಅಕ್ಕನ ಧಾರಾವಾಹಿಗೆ ಬಾಯಿ ಹಾಕಿದವರು

ಪ್ಯಾರೀಸ್ ಕಾರ್ನರಿನ ಅಂಗಡಿ ಬೀದಿಗಳಲ್ಲಿ ಹೇಳಿದ ಬೆಲೆಗೆ ಮರುಮಾತಿಲ್ಲದೆ ಸಾಮಾನು ಕೊಂಡವನನ್ನು ನಾನು ಈವರೆಗೆ ಕಂಡಿಲ್ಲ. ಕಂಡರೆ ಅವನಿಗೆ ಏನನ್ನಾದರೂ ಮಾರಬೇಕೆಂಬ ಆಸೆಯೊಂದು ಉಳಿದಿದೆ. ತ್ರಿಪ್ಲಿಕೇನಿನ ಮೆಸ್ಸಿನಲ್ಲಿ ಲೋಟ ತೊಳೆಯುತ್ತ ಬದುಕು ಶುರುಮಾಡಿ, ಈಗ ಅದೇ ಬೀದಿಯಲ್ಲಿ ಸ್ವಂತ ಹೋಟೆಲು, ಅದರ ಮೇಲೆಯೇ ಮನೆ ಮಾಡಿಕೊಂಡವನು ನಾನು. ಕೊತ್ತಂಬರಿ ಕಟ್ಟಿನಿಂದ ಗ್ರೈಂಡರಿನವರೆಗೆ ಚೌಕಾಸಿ ಮಾಡದೆ ತಂದದ್ದು ಯಾವುದೂ ಇಲ್ಲ. ಆದ್ದರಿಂದ ಮನೆಯ ಎಲ್ಲ ಕೋಣೆಗಳ ಟಿವಿಗಳನ್ನು ಒಂದಕ್ಕೊಂದು ಜೋಡಿಸುವ ಯೋಚನೆ ನಿಮಗಿದ್ದರೆ, ಅಂಗಡಿಗೆ ಹೋಗುವ ಮುಂಚೆ ನನ್ನ ಮಾತು ಸ್ವಲ್ಪ ಕೇಳಿ.

ನನಗೆ ಈ ಯೋಚನೆ ಬಂದದ್ದು ಅಕ್ಕನಿಂದ. ತಾಯಿಯಿಲ್ಲದ ನನಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳು. ಕಳೆದ ವರ್ಷ ಕುಂದಾಪುರದಿಂದ ನಮ್ಮೊಂದಿಗೆ ಇರಲು ಬಂದಳು. ಬಂದವಳಿಗೆ ಮಾತಿಗೆ ಜನವಿಲ್ಲ. ನಾನು ಹಗಲಿಡೀ ಕೆಳಗೆ ಗಲ್ಲಾದಲ್ಲಿ. ಹೆಂಡತಿಗೂ ಮಗನಿಗೂ ಕನ್ನಡ ಕಿವಿಗೆ ತಿಳಿಯುತ್ತದೆ, ಬಾಯಿಗೆ ಬರುವುದು ಮಾತ್ರ ತಮಿಳು. ಸೊಸೆ ಕಯಲ್ ಅಂತೂ ತಮಿಳಿನವಳೇ. ತಾಂಬರಂ ಕಡೆಯ ಆಫೀಸಿಗೆ ಟ್ರೈನಿನಲ್ಲಿ ಹೋಗಿಬರುವವಳು, ಅಕ್ಕನನ್ನು ಕಂಡರೆ ನಕ್ಕು ದಾಟಿಹೋಗುವವಳು. ಹಾಲಿನ ಟಿವಿಯಲ್ಲಿ ಸದಾ ತಮಿಳು ವಾರ್ತೆ, ಇಲ್ಲವೇ ಕ್ರಿಕೆಟ್. ಒಂದು ದಿನ ಊಟಕ್ಕೆ ಕೂತಾಗ ಅಕ್ಕ ಎಲೆಯಿಂದ ತಲೆಯೆತ್ತದೆ ಅಂದಳು:

“ನೀವೆಲ್ಲ ತಮಿಳಂಗ್ ಮಾತಾಡ್ತ್ರಿ. ನಾನ್ ಗ್ವಾಡಿ ಕಾಣ್ತಾ ಕೂಕಂಬ್ದಾ? ನಾ ಊರಿಗ್ ಹೋತೆ ಮಾಣಿ. ಟಿಕೆಟ್ ಮಾಡ್ಸ್.”

ಅರವತ್ತು ದಾಟಿದ ನನ್ನನ್ನು ಮಾಣಿ ಎಂದು ಕರೆಯಲು ಉಳಿದಿರುವವಳು ಅವಳೊಬ್ಬಳೇ. ಅವಳು ಹೋದರೆ ನಾನು ಎಲ್ಲರಿಗೂ ಯಜಮಾನನೇ. ನವರಾತ್ರಿ ಕಳೆಯಲಿ ಎಂದು ಚೌಕಾಸಿ ಮಾಡಿದೆ. ಅಷ್ಟಕ್ಕೆ ಒಪ್ಪಿದಳು, ಅದಕ್ಕಿಂತ ಒಂದು ದಿನ ಹೆಚ್ಚಿಲ್ಲ ಎಂದಳು. ನಾನು ಚೌಕಾಸಿ ಕಲಿತದ್ದು ಯಾರಿಂದ ಎಂದು ಆಗ ಹೊಳೆಯಿತು.

ಅವಳ ಕೋಣೆಗೊಂದು ಟಿವಿ ಕೊಟ್ಟು, ದಿನವೂ ಕನ್ನಡ ಧಾರಾವಾಹಿ ತೋರಿಸಿದರೆ ಮನಸ್ಸು ಬದಲಾದೀತು ಎಂಬುದು ನನ್ನ ಲೆಕ್ಕ. ಅಂಗಡಿಯವನು ವಿವರಿಸಿದ್ದನ್ನು ನಾನು ನಮ್ಮ ಕಸುಬಿನ ಪ್ರಕಾರ ಅರ್ಥ ಮಾಡಿಕೊಂಡೆ. ಹಾಲಿನಲ್ಲಿರುವ ದೊಡ್ಡ ಪೆಟ್ಟಿಗೆ ಅಡುಗೆಮನೆ. ಕಾರ್ಯಕ್ರಮ ಬೇಯುವುದೂ ಉಳಿದದ್ದನ್ನು ಎತ್ತಿಡುವುದೂ ಅಲ್ಲಿಯೇ. ಕೋಣೆಗಳ ಸಣ್ಣ ಪೆಟ್ಟಿಗೆಗಳು ಬಡಿಸುವವರು. ನಡುವಿನ ವಯರು, ಸೌಟು ಹಿಡಿದವರು ಓಡಾಡುವ ದಾರಿ.

“ವಯರೇ ಬೇಡ ಸಾರ್, ಎಲ್ಲಾ ವೈಫೈಯಲ್ಲೇ ಬರುತ್ತೆ,” ಎಂದು ಅವನು ತಮಿಳಿನಲ್ಲಿ ಆಸೆ ತೋರಿಸಿದ.

“ನಮ್ಮದು ಗಾರೆ ಗೋಡೆಯ ಹಳೇ ಮನೆಯಪ್ಪ. ನನ್ನ ಕೂಗೇ ದಾಟುವುದಿಲ್ಲ, ನಿನ್ನ ವೈಫೈ ದಾಟುತ್ತದಾ?” ಎಂದೆ.

ನೀವೂ ವಯರನ್ನೇ ಎಳೆಸಿ. ಸುಣ್ಣಬಣ್ಣದ ಮುಂಚೆಯೇ ಎಳೆಸಿ. ದೊಡ್ಡ ಪೆಟ್ಟಿಗೆಯನ್ನು ಬಾಗಿಲು ಹಾಕಿದ ಕಪಾಟಿನಲ್ಲಿಡಬೇಡಿ, ಬೆವರಿ ಸಾಯುತ್ತದೆ. ಒಂದೇ ಹೊತ್ತಿಗೆ ಎಷ್ಟು ಕೋಣೆಗೆ ಬಡಿಸುತ್ತದೆ ಎಂದು ಮೊದಲೇ ಕೇಳಿ. ಯಾರು ಎಲ್ಲಿಯವರೆಗೆ ನೋಡಿದರು ಎಂದು ಒಬ್ಬೊಬ್ಬರಿಗೂ ಬೇರೆ ಗುರುತು ಇಟ್ಟುಕೊಳ್ಳುವ ದುಬಾರಿ ಪೆಟ್ಟಿಗೆಯೂ ಇತ್ತು. ಒಂದೇ ಹಂಡೆಯ ಸಾಂಬಾರು ಉಣ್ಣುವವರಿಗೆ ಅದೇಕೆ ಎಂದು ನಾನು ಮನೆಗೆಲ್ಲ ಒಂದೇ ಗುರುತಿನ ಅಗ್ಗದ್ದನ್ನು ತಂದೆ.

ಟಿವಿಯ ಚರಿತ್ರೆಯೂ ನಮ್ಮ ಹೋಟೆಲಿನ ಚರಿತ್ರೆಯೂ ಒಂದೇ ಎಂದು ನನಗೆ ಅನ್ನಿಸುವುದುಂಟು. ಮೊದಲು ಪಂಕ್ತಿ ಊಟ: ಬೀದಿಗೊಂದು ಟಿವಿ, ಎಲ್ಲರೂ ಸಾಲಾಗಿ ಕೂತು, ಬಡಿಸಿದ್ದನ್ನು ಬಡಿಸಿದ ಹೊತ್ತಿಗೆ ಉಣ್ಣಬೇಕು. ಆಮೇಲೆ ಅವರವರ ಟೇಬಲ್ಲು, ಅವರವರ ಆರ್ಡರು. ಪಕ್ಕದವನ ತಟ್ಟೆಯಲ್ಲಿ ಏನಿದೆಯೆಂದು ಓರೆಗಣ್ಣಲ್ಲಿ ನೋಡುವ ಸುಖ ಹೋಯಿತು. ನಾನು ವಯರು ಎಳೆಸಿ ಅಕ್ಕನನ್ನೂ ಒಂಟಿ ಟೇಬಲ್ಲಿಗೆ ಕೂರಿಸಿದೆನೇನೋ ಎಂಬ ಅನುಮಾನ ಬರತೊಡಗಿತ್ತು. ಅವಳು ಕೋಣೆಯಿಂದ ಹೊರಗೆ ಬರುವುದೇ ಕಡಿಮೆಯಾಗಿತ್ತು, ಬಟ್ಟೆಯ ಚೀಲ ಮಾತ್ರ ಸಿದ್ಧವಾಗಿ ಬಾಗಿಲ ಹಿಂದೆ ಕೂತಿತ್ತು.

ನವರಾತ್ರಿ ಮುಗಿದ ಮರುದಿನ ಊಟದ ಹೊತ್ತಿಗೆ ಅಕ್ಕ ಬೆಂಕಿಯಾಗಿ ಬಂದಳು. ಅವಳದು ಮಡಿ ಜೀವ. ತನ್ನ ಲೋಟ ಇನ್ನೊಬ್ಬರು ಮುಟ್ಟಿದರೆ ತೊಳೆದಿಡುವವಳು.

“ನನ್ ಸೀರಿಯಲ್ಲಿಗ್ ಯಾರೋ ಬಾಯ್ ಹಾಕಿರ್. ಮಧ್ಯಾಹ್ನ ಅರ್ಧ ಕಂಡ್ ನಿದ್ದಿ ಬಂತಂದೇಳಿ ನಿಲ್ಸಿದ್ದೆ. ಮರ್ದಿನ ಹಾಕ್ರೆ ಪೆಟ್ಟಿಗಿ ‘ಮುಗ್ದಿತ್’ ಅಂತ್. ದಿನಾ ಹೀಂಗೇ. ನೀನೇ ಅಲ್ದಾ ಮಾಣಿ?”

ನಾನು ಅಲ್ಲವೆಂದೆ. ಹೆಂಡತಿ ಅಲ್ಲವೆಂದಳು. ಮಗ ನಕ್ಕ. ಕಯಲ್ ಅನ್ನ ಕಲಸುವುದನ್ನು ನಿಲ್ಲಿಸಿದಳು.

“ನಾನ್ ತಾನ್ ಅತ್ತೆ, ನಾನೇ,” ಎಂದಳು ಅರ್ಧ ತಮಿಳು ಅರ್ಧ ಕನ್ನಡದಲ್ಲಿ. “ಸಾಯಂಕಾಲ ಬಂದು ನನ್ನ ರೂಮಲ್ಲಿ ನೋಡ್ತೀನಿ. ನೀವು ಪೇಸೋದು ಒಂದೂ ಪುರಿಯಲ್ಲ, ಅರ್ಥ ಆಗಲ್ಲ. ಕನ್ನಡ ಕಲಿಯೋಣ ಅಂತ.”

ಒಂದೇ ಗುರುತಿನ ಅಗ್ಗದ ಪೆಟ್ಟಿಗೆ ಇಬ್ಬರನ್ನೂ ಒಂದೇ ಎಲೆಗೆ ಕೂರಿಸಿತ್ತು. ಅಕ್ಕ ಅವಳನ್ನು ಮೊದಲ ಬಾರಿಗೆ ನೋಡುವಂತೆ ನೋಡಿದಳು.

“ನಾ ಬಿಟ್ಟಲ್ಲಿಂದ ಕಾಂಬುದಾ? ಅರ್ಧದಿಂದ ಕಂಡ್ರೆ ಎಂತ ಅರ್ಥ ಆತ್ತ್ ಹೆಣೆ ನಿಂಗೆ?”

“ಅದೇ ಅತ್ತೆ. ಆ ಪಚ್ಚೆ ಸೀರೆಯವಳು ಒಳ್ಳೆಯವಳಾ, ಕೆಟ್ಟವಳಾ?”

“ಅವ್ಳಾ? ಅವ್ಳ್ ಸುದ್ದಿ ಹೇಳುಕೆ ನಾಕ್ ದಿನ ಬೇಕ್. ಮತ್ತೆ ಅದ್ ಬೆಂಗ್ಳೂರ್ ಕನ್ನಡ, ಅದನ್ನ್ ಕಲಿಬೇಡ. ನನ್ ಹತ್ರ ಕಲಿ.”

ಅಂದಿನಿಂದ ಕಯಲ್ ಟ್ರೈನಿಳಿದು ಬರುವವರೆಗೆ ಅಕ್ಕ ಪೆಟ್ಟಿಗೆ ಮುಟ್ಟುವುದಿಲ್ಲ. ಬಂದ ಮೇಲೆ ಹಾಲಿನ ದೊಡ್ಡ ಟಿವಿಯೇ ಆಗಬೇಕು, ವಾರ್ತೆ ನೋಡುವವರು ಎದ್ದು ಕೋಣೆಗೆ ಹೋಗಬೇಕು. ಸೊಸೆ ಈಗ ನನ್ನನ್ನು “ಎಂತ ಮಾವ, ಉಂಡ್ರಿಯಾ?” ಎಂದು ಕೇಳುತ್ತಾಳೆ. ಮೊನ್ನೆ ಮಗ ಫೋನು ಹಿಡಿದು, “ಅತ್ತೆ, ಟಿಕೆಟ್ ಯಾವತ್ತಿಗೆ?” ಎಂದು ತನ್ನ ತಮಿಳಿನಲ್ಲಿ ಕೇಳಿದ. ಅಕ್ಕ ಟಿವಿಯಿಂದ ಕಣ್ಣು ತೆಗೆಯದೆ, “ಈ ಹೆಣ್ಣಿಗ್ ಕತಿ ಪೂರ್ತಿ ಅರ್ಥ ಆಯ್ಲಿ. ಸೀರಿಯಲ್ ಮುಗೀಲಿ. ಮತ್ತೆ ಕಾಂಬ,” ಎಂದಳು.

ಅಂಥ ಧಾರಾವಾಹಿಗಳನ್ನು ಎಳೆದೆಳೆದು ಸಾಯಿಸುತ್ತಾರೆಂದು ಎಷ್ಟೋ ವರ್ಷ ಬೈದವನು ನಾನು. ಈಗ ಪ್ರತಿದಿನ ಗಲ್ಲಾದ ದೇವರಿಗೆ ಊದುಬತ್ತಿ ಹಚ್ಚುವಾಗ, ಆ ಪಚ್ಚೆ ಸೀರೆಯವಳು ಇನ್ನೂ ಬಹಳ ಕಾಲ ಸುಧಾರಿಸದೆ ಇರಲಪ್ಪ ಎಂದು ಬೇಡಿಕೊಳ್ಳುತ್ತೇನೆ.