ಕಪಾಟಿನ ಮೇಲಿನ ಹಳದಿ ಕೈಗುರುತು

ಇಲ್ಲಿ ಹೇಳುವ ಕೆಲವು ವಿವರಗಳು ತಪ್ಪಿರಬಹುದು. ಆಗ ನನಗೆ ಎಂಟು ವರ್ಷವೋ ಒಂಬತ್ತೋ, ಕಪಾಟಿನ ಬಣ್ಣ ಹಸಿರೋ ಬೂದೋ, ಆಣೆ ಮಾಡಿ ಹೇಳಲಾರೆ. ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತ ಬಂದವಳು ನಾನು. ಹಳೆಯ ಪುಟ ತೆರೆದಾಗಲೆಲ್ಲ ನನ್ನ ನೆನಪಿಗೂ ನನ್ನದೇ ಕೈಬರಹಕ್ಕೂ ಜಗಳ ಹತ್ತುತ್ತದೆ. ದಿನಚರಿ ಶುರುವಾಗುವ ಮೊದಲಿನ ಸಂಗತಿಗಳಿಗಂತೂ ಜಗಳವಾಡಲೂ ಯಾರೂ ಇಲ್ಲ.

ಖಚಿತವಾಗಿ ಗೊತ್ತಿರುವುದು ಇಷ್ಟು: ಕಳೆದ ತಿಂಗಳವರೆಗೆ ನಾನು ಒಂದೂ ಕೊಲೆಯ ಕಾದಂಬರಿ ಓದಿರಲಿಲ್ಲ. ಅಂಥ ಪುಸ್ತಕಗಳನ್ನು ರೈಲಿನಲ್ಲಿ ಓದಿ ಸೀಟಿನ ಮೇಲೆಯೇ ಬಿಟ್ಟು ಇಳಿಯಬೇಕು ಎಂಬ ಗತ್ತು ಎಂ.ಎ. ಓದುವಾಗ ಬಂದದ್ದು, ಹೋಗಲೇ ಇಲ್ಲ. ಕೊನೆಗೂ ಓದಿಸಿದವಳು ನನ್ನ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ. ಕೋಥ್ರೂಡ್ ಬಡಾವಣೆಯ ಅವಳ ಮನೆಯಲ್ಲಿ ಇಂಥ ಪುಸ್ತಕಗಳದ್ದೇ ಒಂದು ಗೋಡೆ. ಹಳೆಯ ಇಂಗ್ಲಿಷ್ ಕಾದಂಬರಿಯೊಂದನ್ನು ಕೈಗಿಟ್ಟು, "ಕಡೀ ಪುಟ ಮೊದಲ ನೋಡಿದಿ ಅಂದ್ರ ಈ ಮನ್ಯಾಗ ನಿನಗ ಚಹಾ ಬಂದ್," ಅಂದಳು.

ದೊಡ್ಡ ಬಂಗಲೆ, ವಿಷ ಬೆರೆತ ಹಾಲು, ಒಂಬತ್ತು ಜನ, ಒಂಬತ್ತೂ ಜನರ ಸುಳ್ಳು. ನಲವತ್ತನೇ ಪುಟಕ್ಕೆ, ತೋಟದ ಮಾಲಿಯೇ ಕೊಲೆಗಾರ ಎಂದು ದಿನಚರಿಯಲ್ಲಿ ಬರೆದು ಅಡಿಗೆರೆ ಎಳೆದೆ. ಅರವತ್ತನೇ ಪುಟಕ್ಕೆ ಮಾಲಿಯೇ ಸತ್ತ. ಫೋನ್ ಮಾಡಿ ಹೇಳಿದರೆ ಕಾಕು, "ಪಾಪ, ನೀ ಸಂಶೇ ಪಟ್ಟಿದ್ದಕ್ಕ ಎದಿ ಒಡಕೊಂಡಾನ ನೋಡು," ಎಂದು ನಕ್ಕಳು. ನಮ್ಮ ಪುರಾಣಗಳಲ್ಲಿ ಈ ಪೇಚಿಲ್ಲ. ಯಾರು ಯಾರನ್ನು ಕೊಲ್ಲುತ್ತಾರೆಂಬುದು ಮೊದಲೇ ಗೊತ್ತು. ಎಷ್ಟೋ ಸಲ ಕೊಲ್ಲುವವನು ಅದಕ್ಕೆಂದೇ ಹುಟ್ಟಿರುತ್ತಾನೆ.

ಈ ಕಾದಂಬರಿಯ ಪತ್ತೇದಾರ ಮಾತ್ರ ಎಲ್ಲ ಸಾಕ್ಷಿಗಳಿಗೂ ಒಂದೇ ಪ್ರಶ್ನೆ ಕೇಳುತ್ತಾನೆ: ಅದನ್ನು ನೋಡಿದಾಗ ನೀವು ಎಲ್ಲಿ ನಿಂತಿದ್ದಿರಿ? ಪುಸ್ತಕ ಮುಚ್ಚಿದ ಮೇಲೂ ಆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ನಾನೂ ಒಮ್ಮೆ ಸಾಕ್ಷಿ ಹೇಳಿದವಳೇ.

ಕಾಕು ಮದುವೆಯಾಗಿ ಬಂದ ವಾರ ಅದು. ಹೊಸ ಜೋಡಿ ಜೇಜುರಿಗೆ ಹೋಗುವ, ಗಂಡ ಹೆಂಡತಿಯನ್ನು ಎತ್ತಿಕೊಂಡು ಖಂಡೋಬಾ ದೇವರ ಗುಡ್ಡದ ಮೆಟ್ಟಿಲೇರುವ ಇಲ್ಲಿನ ಮರಾಠಿ ಮಂದಿಯ ಪದ್ಧತಿಯನ್ನು ಧಾರವಾಡದಿಂದ ಬಂದ ನಮ್ಮ ಮನೆಯೂ ಕಲಿತಿತ್ತು. ಕಾಕಾ ಐದನೇ ಮೆಟ್ಟಿಲಿಗೇ ಏದುಸಿರು ಬಿಟ್ಟು ಕಾಕುವನ್ನು ಇಳಿಸಿದ. ಭಂಡಾರವೆಂದು ಅಲ್ಲಿ ಅರಿಸಿನ ತೂರುತ್ತಾರಲ್ಲ, ಮನೆಗೆ ಬಂದಾಗ ಎಲ್ಲರ ಕೈಯೂ ಹಳದಿ. ಅಜ್ಜಿ ಸೀರೆ ಇಡಲು ಕಪಾಟು ತೆರೆದು, ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಅವಳ ಮುತ್ತಿನ ನತ್ತು ಮಾಯ. ಕಪಾಟಿನ ಬಾಗಿಲ ಮೇಲೆ ಹಳದಿ ಕೈಗುರುತು. "ಯಾರನ್ನ ನೋಡಿದಿ, ಖರೇ ಹೇಳು," ಎಂದು ಅಜ್ಜಿ ಕೇಳಿದಾಗ ನಾನು ಕಾಕುವಿನ ಕಡೆ ಬೆರಳು ತೋರಿಸಿದೆ.

ಮೂರು ದಿನದ ಮೇಲೆ ನತ್ತು ದೇವರ ಮುಂದಿನ ಭಂಡಾರದ ಪೊಟ್ಟಣದಲ್ಲಿ ಸಿಕ್ಕಿತು. ಖಂಡೋಬಾನೇ ಕೊಟ್ಟ ಎಂದು ಅಜ್ಜಿ ಕೈಮುಗಿದಳು. ಆದರೆ ಕಪಾಟಿನ ಕೀಲಿಕೈಯನ್ನು ತಾನಿರುವತನಕ ಕಾಕುವಿನ ಕೈಗೆ ಕೊಡಲಿಲ್ಲ.

ನಾನು ಎಲ್ಲಿ ನಿಂತಿದ್ದೆ? ಕಣ್ಣು ಮುಚ್ಚಿದರೆ ಆ ಕೈಗುರುತು ನನ್ನ ಮೂಗಿನ ನೇರಕ್ಕಿದೆ. ಹಿಡಿಕೆ ನೋಡಬೇಕಾದರೆ ತಲೆ ಎತ್ತಬೇಕು. ದೊಡ್ಡವರು ಅಷ್ಟು ಕೆಳಗೆ ಯಾಕೆ ಕೈ ಊರುತ್ತಾರೆ? ಕೈಗುರುತು ಚಿಕ್ಕದೂ ಆಗಿತ್ತು. ಅಥವಾ ಕಾದಂಬರಿ ಓದಿದ ಮೇಲೆ ಚಿಕ್ಕದಾಯಿತೋ? ನತ್ತನ್ನು ಮೂಗಿಗೆ ಹಿಡಿದು ಕನ್ನಡಿ ನೋಡಿಕೊಂಡ ನೆನಪೂ ಒಂದಿದೆ. ಅದು ಆ ದಿನದ್ದೋ, ಮೊನ್ನೆ ಹುಟ್ಟಿದ್ದೋ ತಿಳಿಯದು.

ಪುಸ್ತಕ ಮರಳಿಸಲು ಹೋದೆ. "ಯಾರು ಅಂತ ಗೊತ್ತಾತೇನು?" ಅಂದಳು ಕಾಕು.

"ಕಡೀತನಕಾ ಗೊತ್ತಾಗಲಿಲ್ಲ," ಅಂದೆ. ಆಮೇಲೆ ಕೇಳಿಯೇಬಿಟ್ಟೆ: "ಕಾಕು, ಅಜ್ಜಿ ನತ್ತು ತಗೊಂಡಾಕಿ ನಾನೇ ಏನು? ನಿನಗ ಆವತ್ತೇ ಗೊತ್ತಿತ್ತೇನು?"

ಅವಳು ಗೋಡೆಯ ಕಡೆ ತಿರುಗಿ, ಬಹಳ ಹೊತ್ತು ಹುಡುಕಿ, ಇನ್ನೂ ದಪ್ಪನೆಯ ಪುಸ್ತಕವೊಂದನ್ನು ತೆಗೆದು ನನ್ನ ಚೀಲಕ್ಕೆ ಹಾಕಿದಳು. "ಇದು ಭಾಳ ಛಲೋ ಅದ. ಸಾವಕಾಶ ಓದು."

ಓದುತ್ತಿದ್ದೇನೆ. ಕೊನೆಯ ಪುಟ ಇನ್ನೂ ನೋಡಿಲ್ಲ.