ಡಬ್ಬಿ ಮೇಸ್ತ್ರಿ ಗೇರ್‌ಬಾಕ್ಸ್ ಬದಲಿಸಿದ್ದು

ಮೇಸ್ತ್ರಿಗೆ ‘ಡಬ್ಬಿ ಮೇಸ್ತ್ರಿ’ ಎಂಬ ಹೆಸರು ಬಂದದ್ದು ಅವನ ಗ್ಯಾರೇಜಿನ ಹಿಂದಿನ ಗೋಡೆಯಿಂದ. ಆ ಗೋಡೆಯ ಉದ್ದಕ್ಕೂ ಐದು ಹಲಗೆ, ಹಲಗೆಗಳ ತುಂಬ ಹಳೆಯ ಡಬ್ಬಿಗಳು. ಬಿಸ್ಕತ್ತು ಎಂದು ಬರೆದದ್ದರಲ್ಲಿ ವಾಷರು, ಹಾಲಿನಪುಡಿ ಎಂದು ಬರೆದದ್ದರಲ್ಲಿ ಗ್ರೀಸು, ತಲೆನೋವಿನ ಮುಲಾಮಿನ ಪುಟ್ಟ ಡಬ್ಬಿಯಲ್ಲಿ ಬೇರಿಂಗಿನ ಗುಂಡು. ಯಾವುದರಲ್ಲಿ ಏನಿದೆ ಎಂದು ತನ್ನೊಬ್ಬನಿಗೇ ಗೊತ್ತೆಂದು ಅವನು ಎದೆಯುಬ್ಬಿಸಿ ಹೇಳುತ್ತಿದ್ದ. ಗಿರಾಕಿಯ ಮುಂದೆ ತಿರುಗಿಯೂ ನೋಡದೆ ಕೈ ಹಿಂದೆ ಚಾಚಿ ಡಬ್ಬಿ ತೆಗೆಯುತ್ತಿದ್ದ. ಗಿರಾಕಿಗಳು ಮೂಗಿನ ಮೇಲೆ ಬೆರಳಿಡುತ್ತಿದ್ದರು.

"ಅಕ್ಷರ ಇರೋದು ಗೊತ್ತಿಲ್ಲದವರಿಗೆ," ಎನ್ನುತ್ತಿದ್ದ ಮೇಸ್ತ್ರಿ. "ಗೊತ್ತಿರೋನಿಗೆ ಅಕ್ಷರ ಯಾಕ್ರೀ ಬೇಕು?"

ಗ್ಯಾರೇಜಿನ ಹಿಂದೆಯೇ ಮನೆ. ಹಾಗಾಗಿ ಈ ತತ್ವ ಅಡುಗೆಮನೆಗೂ ದಾಟಿತ್ತು. "ಈ ಮನೇಲಿ ಸಕ್ಕರೆ ಅಂತ ಬರೆದಿದ್ರೆ, ಸಕ್ಕರೆ ಒಂದನ್ನ ಬಿಟ್ಟು ಏನು ಬೇಕಾದ್ರೂ ಇರುತ್ತೆ," ಎಂದು ಹೆಂಡತಿ ಮದುವೆಯಾದ ಹೊಸತರಲ್ಲಿ ಗೊಣಗಿದ್ದಳು. ಆಮೇಲೆ ಗೊಣಗುವುದನ್ನು ಬಿಟ್ಟಳು. ಅವಳಿಗೆ ತನ್ನ ಮಾತು ಮನದಟ್ಟಾಗಿದೆ ಎಂದು ಮೇಸ್ತ್ರಿ ತಿಳಿದಿದ್ದ.

ಅವನ ಅಕ್ಕನ ಬಳಿ ಒಂದು ಡೀಸೆಲ್ ಪಿಕಪ್ ಇತ್ತು. ದೊಡ್ಡಾಸ್ಪತ್ರೆಯ ಮಾಸಿದ ಹಾಸಿಗೆ ಬಟ್ಟೆಯನ್ನು ಲಾಂಡ್ರಿಗೆ ಒಯ್ಯುವುದು, ಒಗೆದದ್ದನ್ನು ಮರಳಿ ತಲುಪಿಸುವುದು ಅವಳ ಕೆಲಸ. ಅವಳಿಗಿದ್ದದ್ದು ಅದೊಂದೇ ಬಾಡಿಗೆ. ಪಿಕಪ್‌ನದು ತಾನಾಗಿ ಗೇರು ಬದಲಿಸಿಕೊಳ್ಳುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಅದು ಸವೆದು ಹೋಗಿತ್ತು. ಏರು ಬಂದರೆ ಇಂಜಿನ್ ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು, ಗಾಡಿ ಮಾತ್ರ ಗೇಣು ಕದಲುತ್ತಿರಲಿಲ್ಲ.

"ನಿನ್ನ ಹಾಗೇ ಕಣೋ," ಎಂದಳು ಅಕ್ಕ. "ಸದ್ದು ಜಾಸ್ತಿ."

ಅದೇ ಜಾತಿಯ ಗೇರ್‌ಬಾಕ್ಸ್ ಎಲ್ಲೂ ಸಿಗಲಿಲ್ಲ. ಗುಜರಿಯಲ್ಲಿ ಸಿಕ್ಕಿದ್ದು ಇನ್ನೂ ದೊಡ್ಡ ಗಾಡಿಯದು, ನಾಲ್ಕು ಗೇರಿನ ಬದಲು ಆರು ಗೇರಿನದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದೀತು ಎಂದು ಬೀದಿಯವರೆಲ್ಲ ಹೆದರಿಸಿದರು. ಮೇಸ್ತ್ರಿ ಕೇಳಲಿಲ್ಲ. ಇಂಜಿನ್ನಿನ ತೂತಿಗೂ ಗೇರ್‌ಬಾಕ್ಸಿನ ತೂತಿಗೂ ತಾಳೆಯಾಗದಿದ್ದಾಗ ಲೇತಿನವನಿಂದ ನಡುವೆ ದಪ್ಪನೆಯ ತಟ್ಟೆಯೊಂದನ್ನು ಮಾಡಿಸಿದ. ಹೊಸದು ಗೇಣುದ್ದ ಜಾಸ್ತಿ ಇದ್ದುದರಿಂದ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ಅಷ್ಟೇ ಕತ್ತರಿಸಿ ಬೆಸುಗೆ ಹಾಕಿಸಿದ. ಅಡ್ಡ ತೊಲೆಯನ್ನು ಹಿಂದಕ್ಕೆ ಸರಿಸಿ, ಎಣ್ಣೆ ತಂಪು ಮಾಡುವ ಕೊಳವೆಗಳನ್ನು ಬಗ್ಗಿಸಿದ. ಐದನೆಯ ದಿನ ಗಾಡಿ ಏರನ್ನು ಬೆಣ್ಣೆಯಲ್ಲಿ ಕೂದಲು ಎಳೆದಂತೆ ಹತ್ತಿತು. ಅಕ್ಕನ ಕಣ್ಣಲ್ಲಿ ನೀರು ಬಂತು.

ಒಂದೇ ಒಂದು ಕೊರತೆ ಉಳಿಯಿತು. ಡ್ರೈವರ್ ಪಕ್ಕದ ಲಿವರಿನ ಬಳಿ ಅಕ್ಷರಗಳಿದ್ದವು: ಪಿ ಎಂದರೆ ನಿಲುಗಡೆ, ಆರ್ ಎಂದರೆ ಹಿಂದಕ್ಕೆ, ಎನ್ ಎಂದರೆ ನ್ಯೂಟ್ರಲ್, ಡಿ ಎಂದರೆ ಮುಂದಕ್ಕೆ, ಅದರಾಚೆ ನಿಧಾನ ಓಟಕ್ಕೆ ಎರಡು ಎಂಬ ಅಂಕಿ. ಹೊಸ ಗೇರ್‌ಬಾಕ್ಸಿನ ಮಗ್ಗುಲಲ್ಲಿ ಲಿವರಿನ ಕಡ್ಡಿ ಸೇರುವ ಕಬ್ಬಿಣದ ತೋಳು ಉದ್ದವಾಗಿತ್ತು. ಹಾಗಾಗಿ ಪಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ಒಂದೊಂದು ಮನೆ ಜಾರಿತ್ತು. ಗುಜರಿಯವನು ಗಿಡ್ಡ ತೋಳನ್ನೂ ಕೊಟ್ಟಿದ್ದ. ಅದನ್ನು ಹಾಕಲು ಒಂದು ಗಂಟೆಯ ಕೆಲಸ. ಮೇಸ್ತ್ರಿ ಅದನ್ನು ಯಾವುದೋ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ್ದ.

"ನೋಡಕ್ಕ, ಎನ್ ಅಂದ್ರೆ ಹಿಂದಕ್ಕೆ. ಡಿ ಅಂದ್ರೆ ನ್ಯೂಟ್ರಲ್. ಎರಡು ಅಂತ ಇದೆಯಲ್ಲ, ಅದು ಮುಂದಕ್ಕೆ."

"ಆರ್?"

"ಅದು ಖಾಲಿ ಮನೆ. ಅಲ್ಲಿ ನಿಲ್ಲಬೇಡ."

"ಲೋ, ಶುಕ್ರವಾರ ಫಿಟ್‌ನೆಸ್ ತಪಾಸಣೆ ಇದೆ. ಶನಿವಾರ ಬೆಳಿಗ್ಗೆ ಆ ಪತ್ರ ಆಸ್ಪತ್ರೆಯೋರ ಮೇಜಿನ ಮೇಲೆ ಇರ್ಬೇಕು. ಇಲ್ಲಾಂದ್ರೆ ಬಟ್ಟೆ ಬೇರೆ ಗಾಡಿಗೆ ಹೋಗುತ್ತೆ."

"ಸಾಹೇಬ್ರು ಗಾಡಿ ನೋಡೋಕೆ ಬರ್ತಾರೋ, ಮಗ್ಗಿ ಪುಸ್ತಕ ಓದೋಕೆ ಬರ್ತಾರೋ? ಸುಮ್ನಿರಕ್ಕ."

ಶುಕ್ರವಾರ ಎರಡು ಗಂಟೆಗೆ ತಪಾಸಣೆಯ ಅಂಗಳದಲ್ಲಿ ಸಾಹೇಬರು ತಾವೇ ಚಾಲಕನ ಸೀಟಿಗೆ ಹತ್ತಿದರು. ಬಡಕಲು ಮನುಷ್ಯ, ಜೇಬಿನಲ್ಲಿ ಮೂರು ಪೆನ್ನು. ಗಾಡಿಯ ಹಿಂದೆ ಅವರೇ ನೆಡಿಸಿದ್ದ ದೊಡ್ಡ ಫಲಕವಿತ್ತು: ‘ಸೂಚನೆಗಳನ್ನು ಓದಿ, ಪಾಲಿಸಿ.’ ಡೀಸೆಲ್ ಗಾಡಿಯಾದ್ದರಿಂದ ಮೊದಲು ಹೊಗೆ ನೋಡಬೇಕು. ನ್ಯೂಟ್ರಲ್‌ಗೆ ಹಾಕಿ ಆಕ್ಸಿಲರೇಟರ್ ಒತ್ತಬೇಕು.

ಮೇಸ್ತ್ರಿ ಕಿಟಕಿಗೆ ಓಡಿದ. "ಸಾಹೇಬ್ರೇ, ಎನ್ ಅಂದ್ರೆ..."

"ಎನ್ ಅಂದ್ರೆ ಏನು ಅಂತ ನಂಗೆ ಗೊತ್ತು. ಇಪ್ಪತ್ತು ವರ್ಷ ಆಯ್ತು ಈ ಸೀಟಲ್ಲಿ ಕೂತು. ನೀವು ಆಚೆ ನಿಲ್ಲಿ."

ಗೊತ್ತಿರುವವರು ಇಬ್ಬರು ಒಂದೇ ಅಂಗಳದಲ್ಲಿ ಸೇರಿದರೆ ಆಗುವುದೇ ಆಯಿತು. ಸಾಹೇಬರು ಎನ್‌ಗೆ ಹಾಕಿ ಒತ್ತಿದರು. ಗಾಡಿ ಹಿಂದಕ್ಕೆ ಚಿಮ್ಮಿ ಫಲಕವನ್ನು ಬುಡಸಮೇತ ಮಲಗಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಹೊಗೆ ಮಾತ್ರ ಸ್ವಚ್ಛವಾಗಿತ್ತು.

ಸಾಹೇಬರು ಇಳಿದು, ಕನ್ನಡಕ ಸರಿಮಾಡಿಕೊಂಡು, ಎರಡನೆಯ ಪೆನ್ನು ತೆಗೆದರು. ಅಕ್ಕ ಕೈಮುಗಿದಳು.

"ಸಾಹೇಬ್ರೇ, ನಾಳೆ ಪತ್ರ ಕೊಡದಿದ್ರೆ ನನ್ನ ಬಾಡಿಗೆ ಹೋಗುತ್ತೆ."

"ನಾಲ್ಕೂವರೆಗೆ ಗೇಟು ಮುಚ್ತೀವಮ್ಮ. ಅಷ್ಟರೊಳಗೆ ಅಕ್ಷರ ಒಂದು, ಗಾಡಿ ಒಂದು ಹೇಳದ ಹಾಗೆ ಮಾಡಿ ತೋರಿಸಿ. ಆದ್ರೆ ಈ ಗಾಡಿ ಈಗ ಹೊರಗೆ ಹೋಗೋ ಹಾಗಿಲ್ಲ."

ಮೇಸ್ತ್ರಿಯ ಹತ್ತಿರ ಹತಾರಗಳ ಚೀಲವಿತ್ತು, ತೋಳಿರಲಿಲ್ಲ. ಹೆಂಡತಿಗೆ ಫೋನು ಮಾಡಿದ.

"ಲೇ, ಮೂರನೇ ಹಲಗೇಲಿ ಟೀಪುಡಿ ಡಬ್ಬಿ ಇದೆ ನೋಡು. ಅದನ್ನ ತಗೊಂಡು ಬಾ."

"ಅದ್ರಲ್ಲಿ ಸ್ಪ್ರಿಂಗ್ ಇದೆ ರೀ."

"ಸ್ಪ್ರಿಂಗಾ? ಹಾಗಾದ್ರೆ ಚಾಕೊಲೇಟ್ ಡಬ್ಬಿ."

"ಹಳೇ ಕೀಲಿಕೈ."

"ಉಪ್ಪಿನಕಾಯಿ..." ಎಂದ ಮೇಸ್ತ್ರಿ, ಅಲ್ಲಿಗೆ ನಿಂತ. ಕಣ್ಣು ಮುಚ್ಚಿದರೆ ಗೋಡೆ ಕಾಣುತ್ತಿತ್ತು, ಡಬ್ಬಿಗಳು ಕಾಣುತ್ತಿದ್ದವು, ಒಳಗೆ ಏನಿದೆಯೆಂದು ಮಾತ್ರ ಒಂದರದ್ದೂ ಹೊಳೆಯಲಿಲ್ಲ. ಅಕ್ಕ ಪಿಕಪ್‌ನ ಹಿಂಬಾಗಿಲ ಮೇಲೆ ಕೂತು ಮಡಿಲಲ್ಲಿ ಕೈಯಿಟ್ಟುಕೊಂಡಿದ್ದಳು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

"ರೀ, ಡಬ್ಬಿ ಹೆಸರು ಬಿಡಿ," ಎಂದಳು ಹೆಂಡತಿ. "ಬೇಕಾದ ಸಾಮಾನು ಯಾವುದು, ಅದನ್ನ ಹೇಳಿ."

"ಅಕ್ಕನ ಗಾಡಿ ಗೇರಿನ ತೋಳು. ಗಿಡ್ಡಂದು. ನಿಂಗೆಲ್ಲಿ ಗೊತ್ತಾಗುತ್ತೆ..."

"ಇಷ್ಟು ಮೊದಲೇ ಹೇಳೋಕೆ ಬಾಯಿಗೇನಾಗಿತ್ತು?" ಫೋನು ಕಟ್ಟಾಯಿತು.

ಅರ್ಧ ಗಂಟೆಯಲ್ಲಿ ಅವಳು ಆಟೋದಿಂದ ಇಳಿದಳು. ಕೈಯಲ್ಲಿ ‘ಮೀನಿನ ಆಹಾರ’ ಎಂದು ಬರೆದ ಡಬ್ಬಿ. ಮೇಸ್ತ್ರಿ ಮುಚ್ಚಳ ತೆಗೆದರೆ ತೋಳು ಅಲ್ಲೇ ಇತ್ತು. ಆತುರಕ್ಕೆ ಡಬ್ಬಿಯನ್ನು ಬೋರಲು ಹಾಕಿದಾಗ ಅದರ ತಳ ಮೇಲೆ ಬಂತು. ತಳದಲ್ಲಿ ಕೆಂಪು ಉಗುರುಬಣ್ಣದಿಂದ ದುಂಡಗೆ ಬರೆದಿತ್ತು: ‘ಗೇರ್ ತೋಳು, ಗಿಡ್ಡ. ಅತ್ತಿಗೆ ಗಾಡಿದು.’

ಅವನು ತೋಳನ್ನು ಕೈಗೆತ್ತಿಕೊಂಡ. ಗಾಡಿಯ ಅಡಿಗೆ ನುಸುಳಿದ. ಮಾತಾಡದೆ ಕೆಲಸ ಮಾಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಸಾಹೇಬರು ಮತ್ತೆ ಸೀಟಿಗೆ ಹತ್ತಿದರು, ಈ ಸಲ ಕಾಲನ್ನು ಬ್ರೇಕಿನ ಮೇಲೆ ಭದ್ರವಾಗಿಟ್ಟು. ಪಿ ಎಂದರೆ ನಿಂತಿತು, ಆರ್ ಎಂದರೆ ಹಿಂದೆ ಬಂತು, ಎನ್ ಎಂದರೆ ಸುಮ್ಮನಾಯಿತು, ಡಿ ಎಂದರೆ ಮುಂದೆ ಹೋಯಿತು. ಪತ್ರಕ್ಕೆ ಮೊಹರು ಬಿತ್ತು. ಫಲಕವನ್ನು ಮತ್ತೆ ನೆಟ್ಟು ಹೋಗಬೇಕೆಂಬುದು ಸಾಹೇಬರ ಒಂದೇ ಷರತ್ತು. ಮೇಸ್ತ್ರಿ ಗುಂಡಿ ತೋಡುವಾಗ ‘ಓದಿ, ಪಾಲಿಸಿ’ ಎಂಬುದು ಅವನ ಮೂಗಿನ ಎದುರಿಗೇ ಇತ್ತು.

ಮನೆಗೆ ಬರುವಾಗ ಅಕ್ಕ ಗಾಡಿ ಓಡಿಸುತ್ತ ತಮ್ಮನ ಹೆಂಡತಿಯನ್ನು ಕೇಳಿದಳು. "ಎಷ್ಟು ದಿನದಿಂದ ಬರೀತಿದ್ದೀಯೇ?"

"ಮದುವೆಯಾದ ಎರಡನೇ ವರ್ಷದಿಂದ ಅತ್ತಿಗೆ. ಇವರು ಬೆಳಿಗ್ಗೆ ಕಾಫಿ ಕುಡೀತಾ ಇವತ್ತು ಯಾವ ಗಾಡಿ ಅಂತ ಹೇಳ್ತಾರಲ್ಲ, ಅದಕ್ಕೆ ಬೇಕಾಗೋ ಡಬ್ಬೀನ ಕೈಗೆ ಸಿಗೋ ಹಾಗೆ ಮುಂದಿಟ್ಟು ಬರ್ತೀನಿ. ಪಾಪ, ನಾಲ್ಕು ಜನದ ಎದುರು ಹುಡುಕೋ ಹಾಗಾಗ್ಬಾರ್ದು."

ಅಕ್ಕ ನಕ್ಕ ನಗುವಿಗೆ ಗಾಡಿ ಒಂದು ಸಲ ಓಲಾಡಿತು. ನಡುವೆ ಕೂತಿದ್ದ ಮೇಸ್ತ್ರಿ ಗೇರಿನ ಅಕ್ಷರಗಳನ್ನು ಬಹಳ ಗಮನವಿಟ್ಟು ಓದುತ್ತಿದ್ದ.

ಮನೆ ತಲುಪಿದವನೇ ಗ್ಯಾರೇಜಿಗೆ ಹೋಗಿ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ತಳ ನೋಡಿದ. ವಾಷರು, ಗ್ರೀಸು, ಗುಂಡು, ಒಂದೂ ತಪ್ಪಿರಲಿಲ್ಲ. ಕೊನೆಗೆ ಸ್ಟೂಲು ಹತ್ತಿ ಮೇಲಿನ ಹಲಗೆಯ ಮೂಲೆಗೆ ಕೈ ಹಾಕಿದ. ಅಲ್ಲೊಂದು ಡಬ್ಬಿಯಿತ್ತು. ಅದರ ಮೇಲೆ ‘ಇಲಿ ಪಾಷಾಣ’ ಎಂದು ಅವನೇ ಸ್ವಂತ ಕೈಯಿಂದ ಬರೆದಿದ್ದ, ಯಾರೂ ಮುಟ್ಟದಿರಲಿ ಎಂದು. ಅದನ್ನೂ ತಿರುಗಿಸಿದ.

ತಳದಲ್ಲಿ ಅದೇ ಕೆಂಪು ದುಂಡಕ್ಷರ: ‘ಸಿಗರೇಟು. ಮೂರು ವರ್ಷದ ಹಿಂದೆ ಬಿಟ್ಟಿದ್ದಾರಂತೆ.’