ನಮ್ಮತ್ತಿ ಮೂಗು

ನಮ್ಮತ್ತಿ ಕಾಶೆವ್ವನ ಮೂಗು ಮೂಡಲಗಿ ಪ್ಯಾಟಿಗೆಲ್ಲಾ ಗೊತ್ತು. ಕಾಳುಕಡಿ ಮಾರಾಕ ಬಂದ ಮಂದಿ ಉಣ್ಣಾಕ ಬರೋದು ನಮ್ಮ ಖಾನಾವಳಿಗೇ. ಅತ್ತಿ ಹೊರಗ ಗಲ್ಲೇದಾಗ ರೊಕ್ಕಾ ಎಣಿಸಿಕೋತ ಕುಂತ, "ಸುಜಾತಾ, ಬ್ಯಾಳಿ ತಳಾ ಹಿಡಿಯಾಕತ್ತೈತಿ ನೋಡವ್ವಾ" ಅಂತಿದ್ರು. ಒಲಿ ಮುಂದ ನಿಂತ ನನಗ ಇನ್ನೂ ಗೊತ್ತಾಗಿರತಿರಲಿಲ್ಲ! ಬೆಲ್ಲದ ಬಾಗೇವಾಡಿಯಿಂದ ಸೊಸಿಯಾಗಿ ಬಂದ ಹೊಸದಾಗ ನನಗ ಎಷ್ಟ ಸಿಟ್ಟ ಬರತಿತ್ತು ಅಂತೀರಿ.

ಅಡಗಿಮನಿ ವಾಸನಿ ಓಡಸೋದ್ರಾಗ ಅವರನ್ನ ಮೀರಸೋರ ಇರಲಿಲ್ಲ. ಬೆಳ್ಳೊಳ್ಳಿ ಜಜ್ಜಿದ ಕೈಗೆ ನಿಂಬಿಹಣ್ಣಿನ ಸಿಪ್ಪಿ, ಮಜ್ಜಿಗಿ ಕಮಟು ಹಿಡಿದ ಭಾಂಡೆಕ್ಕ ಕಡ್ಲಿಹಿಟ್ಟು, ಹಾಲು ಹೊತ್ತಿದ್ರ ಲವಂಗ ಹಾಕಿ ಕುದಿಸಿದ ನೀರು, ಫ್ರಿಜ್ಜಿನ್ಯಾಗ ಒಂದ ವಾಟಿ ಇದ್ದಲಿ. ಬಾಜೂಮನಿ ಪದ್ಮಶ್ರೀ ಒಮ್ಮೆ ಸೆಂಟಿನ ಡಬ್ಬಿ ತಂದ ಅಡಗಿಮನ್ಯಾಗ ಹೊಡದಿದ್ಲು. "ಹೊಲಸಿಗೆ ಹೂವಿನ ಹಾರಾ ಹಾಕತೀಯೇನ? ಮೊದಲ ಹೊಲಸ ತೆಗಿ!" ಅಂತ ಅತ್ತಿ ಅಕಿ ಚಳಿ ಬಿಡಿಸಿದ್ರು.

ಆಮ್ಯಾಲೆ ಕೊರೊನಾ ಬಂತು. ಅತ್ತಿ ಜೀವಾ ಉಳೀತು, ಮೂಗು ಹೋತು. ಒಗ್ಗರಣಿ ಇಲ್ಲ, ಊದಿನಕಡ್ಡಿ ಇಲ್ಲ, ಏನೂ ವಾಸನಿ ಇಲ್ಲ. ಗೋಕಾಕದ ಡಾಕ್ಟರು "ಬಂದ್ರ ಬಂತು, ಕಾಯ್ರಿ" ಅಂದ್ರು. ಒಂದಿನ ಅತ್ತಿ ಇಟ್ಟ ಎಣ್ಣಿ ಸುಟ್ಟ ಕರಕಲಾಗಿ ಗಿರಾಕಿ ಕೆಮ್ಮಿಕೋತ ಎದ್ದ ಹ್ವಾದ್ರು. ಅವತ್ತಿಂದ ಅತ್ತಿ ಒಳಗ ಕಾಲಿಡಲಿಲ್ಲ. "ಮೂಗಿಲ್ಲದಾಕಿಗೆ ಒಲಿ ಯಾಕವ್ವಾ? ಇನ್ನ ನೀನ ನೋಡ್ಕೊ."

ನನಗ ಖುಷಿ ಆಗಬೇಕಿತ್ತಲ್ಲ, ಅಡಗಿಮನಿ ಎಲ್ಲಾ ನನ್ನ ರಾಜ್ಯ! ಖರೆ ಹೇಳತೇನ್ರಿ, ಆಗಲಿಲ್ಲ. ದಿನಾ ಮುಂಜಾನೆ ಅತ್ತಿ ಹಿತ್ತಲದಾಗ ಲವಂಗದ ಡಬ್ಬಿ ಮೂಗಿಗೆ ಹಿಡಕೊಂಡ ಕದ್ದ ನಿಂತಿರೋರು. ನಾ ನೋಡಿದ್ರೂ ನೋಡದಂಗ ಸರಿದ ಹೋಗತಿದ್ದೆ.

ಮೊನ್ನೆ ಶ್ರಾವಣದಾಗ ಅಡಗಿಮನ್ಯಾಗ ಏನೋ ನಾರಾಕತ್ತು. ಅಯ್ಯಯ್ಯ, ಏನ ನಾತ ಅದು! ಮೋರಿಗೆ ಸೋಡಾ ಸುರದೆ, ಬಿಸಿನೀರ ಸುರದೆ, ಲೋಬಾನದ ಹೊಗಿ ಹಾಕಿದೆ. ನನ್ನ ಗಂಡ ದುಂಡೇಶ ಇಲಿ ಸತ್ತೈತಿ ಅಂತ ಕಪಾಟ ಜಗ್ಗಿ ನೋಡಿದ. ಏನೂ ಇಲ್ಲ. ಗಿರಾಕಿ ಬಾಗಲದಿಂದನ ಮೂಗ ಮುಚ್ಚಿ ಹೊಳ್ಳಿ ಹೋಗಾಕತ್ರು. ನನಗ ಅಳು ಬರೋದೊಂದ ಬಾಕಿ.

ಅಷ್ಟರಾಗ ಅತ್ತಿ ಗಲ್ಲೇ ಬಿಟ್ಟ ಎದ್ದ ಬಂದ್ರು. ಯಾರನ್ನೂ ಏನೂ ಕೇಳಲಿಲ್ಲ. ಸೀದಾ ಮೂಲಿಗೆ ಹೋಗಿ, ಬಗ್ಗಿ, ಖಾಲಿ ಚೀಲಗಳ ಅಡಿಗೆ ಕೈ ಹಾಕಿ ಒಂದ ಚೀಲಾ ಎಳೆದ್ರು. ಬಟಾಟಿ! ಕೊಳತ ನೀರಾಗಿ ತೊಟ್ಟಿಕ್ಕಾಕತ್ತಿದ್ವು.

"ಯವ್ವಾ, ಕೊಡ ಇಲ್ಲೆ, ತಿಪ್ಪಿಗೆ ಒಗದ ಬರತೇನಿ" ಅಂತ ದುಂಡೇಶ ಕೈ ಚಾಚಿದ.

"ತಡಿಯೋ!" ಅತ್ತಿ ಆ ಚೀಲಾನ ಮೂಗಿನ ಹತ್ತರ ಒಯ್ದ್ರು. ಕಣ್ಣಾಗ ಬಳಬಳ ನೀರು. "ಸುಜಾತಾ, ನಾರತೈತೆವ್ವಾ. ಖರೇನ ನಾರತೈತಿ!"

ನಾ ಅತ್ತಿನ್ನ ಚೀಲದ ಸಮೇತ ಅಪ್ಪಿ ಹಿಡಿದ ಅತ್ತಬಿಟ್ಟೆ. ಸೀರಿ ತುಂಬ ಹೊಲಸಾತು, ಆಗವಲ್ದ್ಯಾಕ.

"ಇನ್ನರ ಒಗೀರಿ ಅತ್ತಿ" ಅಂದ್ರ ಒಗೀವಲ್ರು. "ಇರಲಿ ತಡಿಯವ್ವಾ," ಅಂದ್ರು, "ಇನ್ನೊಂಚೂರ ಇರಲಿ."